ಹುಳಿ ಬಂದ ಅಂಬಲಿ, ಹದ ಬಂದ ಹೊಟ್ಟೆ

ಹೆಬ್ಬಾಳದಿಂದ ಯಲಹಂಕದತ್ತ ಸಾಗುವ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಇಂದು ಮುಗಿಲು ಮುಟ್ಟುವ ಕಟ್ಟಡಗಳು ಎದ್ದು ನಿಂತಿವೆ. ಒಂದು ಕಾಲಕ್ಕೆ ಇದು ರಾಗಿಯ ಸೀಮೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಬೇಸಾಯದ ಪ್ರಯೋಗಗಳಿಗಾಗಿ 30 ಎಕರೆ ನೆಲವನ್ನು ಕೊಟ್ಟರು. 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ. ಆ ಸುತ್ತಿನ ಹೊಲಗಳಲ್ಲಿ ಬೆವರು ಸುರಿಸಿದ ಒಕ್ಕಲಿಗನ ಬೆಳಗಿನ ಆಹಾರವೆಂದರೆ ಮಜ್ಜಿಗೆಯಲ್ಲಿ ಕಿವುಚಿದ ತಂಗಳು ಮುದ್ದೆ, ಇಲ್ಲವೇ ಒಂದು ಚೆಂಬು ಅಂಬಲಿ. ಅದೇ ನೆಲದ ಅಂಗಡಿಗಳಲ್ಲಿ ಈಗ ಕರುಳಿಗೆ ಹಿತವೆಂಬ ಹೆಸರಿನಲ್ಲಿ ಹುಳಿ ಪಾನೀಯಗಳ ದುಬಾರಿ ಶೀಸೆಗಳು ಮಾರಾಟವಾಗುತ್ತವೆ. ಬಡವನ ಮಡಕೆಯಲ್ಲಿ ಇಲ್ಲದ ಗುಣ ಆ ಶೀಸೆಯಲ್ಲಿದೆಯೇ?

ಹುಳಿಸಿ ಉಣ್ಣುವುದು ಕನ್ನಡಿಗರಿಗೆ ಹೊಸತಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ಯ ಹೆಸರಿದೆ. ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವನ್ನು ಎರಡನೆಯ ಚಾವುಂಡರಾಯನು ಹೇಳಿದ್ದಾನೆ. ರುಬ್ಬಿದ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇರುಳೆಲ್ಲ ದುಡಿಯುತ್ತವೆ. ಹಿಟ್ಟಿನ ಸಕ್ಕರೆಯ ಅಂಶವನ್ನು ಉಂಡು ಆಮ್ಲವನ್ನೂ ಅನಿಲವನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು.

ಇಲ್ಲಿ ಗೃಹಿಣಿಯರು ಗಮನಿಸಬೇಕಾದ ಒಂದು ಭೇದವಿದೆ. ಇಡ್ಲಿಯನ್ನು ಹಬೆಯಲ್ಲಿ ಬೇಯಿಸಿದೊಡನೆ ಆ ಜೀವಿಗಳು ಬಹುಮಟ್ಟಿಗೆ ಸಾಯುತ್ತವೆ. ಆದರೂ ಅವುಗಳ ದುಡಿಮೆ ವ್ಯರ್ಥವಲ್ಲ. ಧಾನ್ಯದಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸುಣ್ಣದಂಶಗಳನ್ನು ಮೈಗೆ ಸೇರದಂತೆ ಹಿಡಿದಿಡುತ್ತದೆ; ಹುಳಿಬಂದಾಗ ಆ ಹಿಡಿತ ಸಡಿಲುತ್ತದೆ. ಸುಣ್ಣದಂಶ ಹೇರಳವಾಗಿರುವ ರಾಗಿಗೆ ಇದು ದೊಡ್ಡ ಉಪಕಾರ. ಮೊಸರು, ಮಜ್ಜಿಗೆಗಳ ಮಾತು ಬೇರೆ. ಹೆಪ್ಪಾದ ಮೇಲೆ ಅವನ್ನು ಕುದಿಸುವುದಿಲ್ಲವಾದ್ದರಿಂದ ಜೀವಿಗಳು ಸಜೀವವಾಗಿಯೇ ಹೊಟ್ಟೆಗಿಳಿಯುತ್ತವೆ. ಕಾಯಿಸಿ ಆರಿಸಿದ ಅಂಬಲಿಗೆ ಮಜ್ಜಿಗೆ ಬೆರೆಸಿದರೆ ಎರಡು ಲಾಭವೂ ಒಂದೇ ಲೋಟದಲ್ಲಿ ದೊರೆತಂತೆ.

ಮೊಸರಿನಿಂದ ಮುಪ್ಪನ್ನು ಮುಂದೂಡಬಹುದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಂಬಿದವನು ವಿಜ್ಞಾನಿ ಮೆಚ್ನಿಕಾಫ್. ಆತನಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ದೇಹದ ರೋಗನಿರೋಧದ ಸಂಶೋಧನೆಗೆ. ಮೊಸರಿನ ವಾದ ಊಹೆಯಾಗಿಯೇ ಉಳಿದಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 36 ಮಂದಿ ಆರೋಗ್ಯವಂತರನ್ನು ಎರಡು ಪಂಗಡ ಮಾಡಿ, ಒಂದಕ್ಕೆ 10 ವಾರ ಮೊಸರು ಮೊದಲಾದ ಹುಳಿ ಆಹಾರಗಳನ್ನೂ ಇನ್ನೊಂದಕ್ಕೆ ನಾರಿನ ಆಹಾರವನ್ನೂ ಕೊಟ್ಟರು. ಮೊದಲ ಪಂಗಡದವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ತಗ್ಗಿದವು. ಅಲ್ಲಿ ಅಂಬಲಿಯ ಪರೀಕ್ಷೆ ನಡೆಯಲಿಲ್ಲ, ಪ್ರಯೋಗವೂ ಚಿಕ್ಕದು. ಆದುದರಿಂದ ಹುಳಿ ಆಹಾರ ಔಷಧವಲ್ಲ, ಹಿತವಾದ ಅಭ್ಯಾಸ ಎಂದಷ್ಟೇ ಹೇಳುವುದು ವಿವೇಕ.

ಕೆಲವು ಎಚ್ಚರಿಕೆಗಳೂ ಬೇಕು. ಸೋಡಾ ಹಾಕಿದ ದಿಢೀರ್ ಹಿಟ್ಟು ಉಬ್ಬುತ್ತದೆಯೇ ಹೊರತು ಹುಳಿಯುವುದಿಲ್ಲ. ಉಪ್ಪಿನಕಾಯಿ ರುಚಿಯೆಂದು ಹೆಚ್ಚು ಬಡಿಸಿದರೆ ರಕ್ತದೊತ್ತಡದವರಿಗೆ ಕೇಡು. ಬೂಷ್ಟು ಹಿಡಿದುದನ್ನು ಮೇಲೆ ತೆಗೆದು ಉಳಿಸುವ ಜಿಪುಣತನ ಸಲ್ಲದು. ರೋಗನಿರೋಧ ಶಕ್ತಿ ಕುಗ್ಗಿದವರು ಸಜೀವ ಹುಳಿ ಪದಾರ್ಥಗಳಿಗೆ ಮೊದಲು ವೈದ್ಯರನ್ನು ಕೇಳಬೇಕು.

ಮಾಗಿಯ ಚಳಿಯಲ್ಲಿ ಬೆಂಗಳೂರಿನ ಹಿಟ್ಟು ಬೇಗ ಉಬ್ಬದು. ಆಗ ಅಜ್ಜಿಯರು ಪಾತ್ರೆಯನ್ನು ಒಲೆಯ ಬೆಚ್ಚನೆಯ ಮಗ್ಗುಲಿಗೆ ಸರಿಸಿ, ಮುಚ್ಚಿ ಮಲಗುತ್ತಿದ್ದರು. ಸೂಕ್ಷ್ಮಜೀವಿಯ ಹೆಸರನ್ನು ಅವರು ಕೇಳಿರಲಿಲ್ಲ. ಅದಕ್ಕೆ ಬೇಕಾದ ಬಿಸುಪನ್ನು ಮಾತ್ರ ಬಲ್ಲವರಾಗಿದ್ದರು. ಶೀಸೆಯ ಬೆಲೆ ಕೇಳಿ ಬೆರಗಾಗುವ ಮನೆಗಳಲ್ಲಿ ಆ ಮಡಕೆ ಮತ್ತೆ ಅಡುಗೆಮನೆಗೆ ಬಂದರೆ ನಷ್ಟವೇನೂ ಇಲ್ಲ.