ಪ್ರಶಸ್ತಿ ಪಡೆದ ಗಾಡಿಯನ್ನು ನಂಬಬಹುದೇ?

ಸಿದ್ಧಗಂಗೆಯ ದನಗಳ ಜಾತ್ರೆಗೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ರೈತರು ಹೋಗುವುದುಂಟು. ಅಲ್ಲಿ ಉತ್ತಮ ರಾಸುಗಳಿಗೆ ಬಹುಮಾನ ಕೊಡುತ್ತಾರೆ. ಆದರೆ ಕೊಳ್ಳುವವನು ಬಹುಮಾನವೊಂದನ್ನೇ ನೆಚ್ಚುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ.

ಅದೇ ರೈತನು ವಿದ್ಯುತ್ ಸ್ಕೂಟರನ್ನು ಕೊಳ್ಳಹೊರಟರೆ ಏನು ಮಾಡಿಯಾನು? ಬ್ಯಾಟರಿಗೆ ಹಲ್ಲಿಲ್ಲ. ಅದು ಎಷ್ಟು ವರ್ಷ ಬಾಳೀತು, ಬಯಲುಸೀಮೆಯ ಬೇಸಗೆಯನ್ನು ತಡೆದೀತೇ ಎಂಬುದು ಹೊರನೋಟಕ್ಕೆ ತಿಳಿಯದು. ಆಗ ಅಂಗಡಿಯ ಗೋಡೆಯ ಮೇಲಿನ 'ವರ್ಷದ ಶ್ರೇಷ್ಠ ವಾಹನ' ಎಂಬ ಫಲಕವು ಅವನ ಕಣ್ಸೆಳೆಯುತ್ತದೆ.

ಇದು ಮೌಢ್ಯವಲ್ಲ. ನಾವು ಅರಿಯದುದನ್ನು ಬಲ್ಲವರಿಂದ ತಿಳಿಯುವುದು ವಿವೇಕವೇ ಸರಿ. ನೆರೆಯವರಾರೂ ಬಳಸದ ಹೊಸ ವಸ್ತುವಿನ ವಿಷಯದಲ್ಲಿ ಪ್ರಶಸ್ತಿಗೆ ತೂಕ ಹೆಚ್ಚು. ಊರಿನಲ್ಲಿ ಹತ್ತು ಗಾಡಿಗಳು ಓಡತೊಡಗಿದ ಮೇಲೆ ನೆರೆಯವನ ಮಾತಿಗೇ ಬೆಲೆ.

ಆದರೆ ಪ್ರಶಸ್ತಿಯು ಅಳೆದುದು ಏನನ್ನು? 1895ರಲ್ಲಿ ಅಮೆರಿಕದ ಷಿಕಾಗೋದಲ್ಲಿ ನಡೆದ ಮೋಟಾರು ಪಂದ್ಯದಲ್ಲಿ ಚಿನ್ನದ ಪದಕ ಪಡೆದ 'ಎಲೆಕ್ಟ್ರೋಬ್ಯಾಟ್' ಎಂಬ ವಿದ್ಯುತ್ ಗಾಡಿಯು ಗುರಿಯನ್ನೇ ಮುಟ್ಟಿರಲಿಲ್ಲ! ಸದ್ದು, ಅದುರು, ವಾಸನೆಗಳಿಲ್ಲದ ಅದರ ರಚನೆಯನ್ನು ತೀರ್ಪುಗಾರರು ಮೆಚ್ಚಿದ್ದರು. 1971ರಲ್ಲಿ 'ಮೋಟಾರ್ ಟ್ರೆಂಡ್' ಪತ್ರಿಕೆಯು ಷೆವ್ರೊಲೆ ವೇಗಾ ಕಾರನ್ನು ವರ್ಷದ ಕಾರೆಂದು ಸಾರಿತು. ಅದರ ಹೊಸ ಬಗೆಯ ಅಲ್ಯುಮಿನಿಯಂ ಎಂಜಿನ್ನು ಬಿಸಿಯೇರಿ ಕೆಡುತ್ತಿತ್ತು, ಮೈಗೆ ಬೇಗ ತುಕ್ಕು ಹಿಡಿಯುತ್ತಿತ್ತು. ತೀರ್ಪುಗಾರರು ನೋಡುವುದು ಕೆಲವು ದಿನ. ತುಕ್ಕು ತೋರಲು ವರ್ಷಗಳು ಬೇಕು. 2014ರಲ್ಲಿ ಜರ್ಮನಿಯ ವಾಹನಿಗರ ಸಂಘವಾದ ಎ.ಡಿ.ಎ.ಸಿ.ಯ ಪ್ರಶಸ್ತಿಯಲ್ಲಿ 3,409 ಮತಗಳನ್ನು 34,299 ಎಂದು ತೋರಿಸಿದ್ದುದು ಬಯಲಾಯಿತು. ಹೀಗೆ ಒಮ್ಮೆ ಮುರಿದ ನಂಬಿಕೆಯು ನಿಜವಾದ ಪ್ರಶಸ್ತಿಗಳನ್ನೂ ಸಂಶಯಕ್ಕೆ ಈಡುಮಾಡುತ್ತದೆ.

ಪ್ರಶಸ್ತಿಯು ಅಭಿಪ್ರಾಯ, ಪರೀಕ್ಷೆಯು ಅಳತೆ. ನಮ್ಮ ದೇಶದಲ್ಲಿ 2023ರ ಅಕ್ಟೋಬರ್ 1ರಂದು ಆರಂಭವಾದ 'ಭಾರತ್ ಎನ್‌ಕ್ಯಾಪ್' ಯೋಜನೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಡಿಕ್ಕಿ ಹೊಡೆಸಿ, ಒಳಗಿನ ಬೊಂಬೆಗಳಿಗೆ ಬಿದ್ದ ಪೆಟ್ಟನ್ನು ಅಳೆದು ನಕ್ಷತ್ರಗಳನ್ನು ಕೊಡುತ್ತಾರೆ. ಅದೇ ಪರೀಕ್ಷೆಯನ್ನು ಮತ್ತೊಬ್ಬರು ಮಾಡಿ ನೋಡಬಹುದು. ವಿಜ್ಞಾನದ ಬಲವಿರುವುದು ಅಲ್ಲಿಯೇ.

ಆದುದರಿಂದ ಫಲಕವನ್ನು ಕಂಡಾಗ ನಾವು ಮೂರು ಪ್ರಶ್ನೆಗಳನ್ನು ಕೇಳೋಣ: ತೀರ್ಪು ಕೊಟ್ಟವರಾರು? ಅವರು ಅಳೆದುದು ಏನನ್ನು? ಅದಕ್ಕೆ ಹಣ ತೆತ್ತವರಾರು? ಬಳಿಕ ನಾಲ್ಕನೆಯದನ್ನು ನಾವೇ ಪರೀಕ್ಷಿಸೋಣ: ಇಬ್ಬರು ಕುಳಿತು ಸಿರಾದಿಂದ ಮಧುಗಿರಿಗೆ ಹೋಗಿಬರಲು ಒಂದು ಚಾರ್ಜು ಸಾಲುವುದೇ? ಇದೇ ಬ್ಯಾಟರಿಯ ಹಲ್ಲು ನೋಡುವ ಬಗೆ.