ದೋಣಿಯಲ್ಲಿ ವಾಂತಿ ಬರುವುದೇಕೆ? ಹೊಟ್ಟೆ ಖಾಲಿ ಇಟ್ಟರೆ ನಿಲ್ಲುತ್ತದೆಯೇ?

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಯಿತೆಂದರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಒಂದು ದಿನದ ಪ್ರವಾಸಕ್ಕೆ ಟಿಟಿ ಗೊತ್ತುಮಾಡುವ ಮಾತು ಶುರುವಾಗುತ್ತದೆ. ಬೆಳಿಗ್ಗೆ ಬೇಗ ಹೊರಟು ಆಗುಂಬೆ ಘಾಟಿ ಇಳಿದು, ಹೆಬ್ರಿ, ಉಡುಪಿ ದಾಟಿ ಮಲ್ಪೆಗೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ. ಹಿಂದಿನ ರಾತ್ರಿಯೇ ಗ್ರೂಪಿನಲ್ಲಿ ಸಲಹೆಗಳು ಬಂದು ಬೀಳುತ್ತವೆ: ಬೆಳಿಗ್ಗೆ ಏನೂ ತಿನ್ನಬೇಡಿ, ನಿಂಬೆಹಣ್ಣು ಮೂಸಿ, ನ್ಯೂಸ್‌ಪೇಪರ್ ಮೇಲೆ ಕುಳಿತುಕೊಳ್ಳಿ, ಎಲ್ಲರೂ ಒಂದೊಂದು ವಾಂತಿ ಮಾತ್ರೆ ನುಂಗಿ.

ಇವುಗಳಲ್ಲಿ ಯಾವುದು ಸರಿ?

ವಾಂತಿ ಶುರುವಾಗುವುದು ಕಿವಿಯಲ್ಲಿ

ನಮ್ಮ ಎರಡೂ ಒಳಕಿವಿಗಳಲ್ಲಿ ದ್ರವ ತುಂಬಿದ ಮೂರು ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದಾಗ ಈ ದ್ರವ ಅಲುಗಿ, ಯಾವ ಕಡೆ ತಿರುಗಿದೆವು ಎಂದು ಮೆದುಳಿಗೆ ತಿಳಿಸುತ್ತದೆ. ಮೇಲೆ ಕೆಳಗೆ ಹೋಗುವುದನ್ನು ಮತ್ತು ವಾಲುವುದನ್ನು ಪಕ್ಕದಲ್ಲೇ ಇರುವ ಸಣ್ಣ ಸುಣ್ಣದ ಹರಳುಗಳು ಗುರುತಿಸುತ್ತವೆ.

ಘಾಟಿಯಲ್ಲಿ ಹಿಂದಿನ ಸೀಟಿನ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ, ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಎರಡು ಸುದ್ದಿಗೂ ತಾಳೆಯಾಗದೆ ಮೆದುಳು ಗೊಂದಲಕ್ಕೆ ಬೀಳುತ್ತದೆ. ಬೆವರು, ಬಾಯಲ್ಲಿ ನೀರು, ಹೊಟ್ಟೆ ತೊಳೆಸುವುದು ಆಮೇಲಿನವು. ದೋಣಿಯಲ್ಲಿ ಕುಳಿತು ಮೊಬೈಲ್ ನೋಡುವವರಿಗೆ ಆಗುವುದೂ ಇದೇ. ಡ್ರೈವರ್‌ಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ರಸ್ತೆ ಕಣ್ಣೆದುರೇ ಇರುವುದರಿಂದ ಮುಂದಿನ ತಿರುವು ಅವರ ಮೆದುಳಿಗೆ ಮೊದಲೇ ಗೊತ್ತು.

ಕಿವಿಯೇ ಮೂಲ ಎನ್ನಲು ಪುರಾವೆ ಹಳೆಯದು. ಎರಡೂ ಒಳಕಿವಿಗಳ ಸಮತೋಲನದ ಭಾಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಕಡಲಿನಲ್ಲಿ ವಾಂತಿಯ ಕಾಟ ಇರುವುದಿಲ್ಲ. ಇದರ ಸುಳಿವನ್ನು ಅಮೆರಿಕದ ವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲೇ ಕಂಡುಕೊಂಡಿದ್ದರು.

ಖಾಲಿ ಹೊಟ್ಟೆ, ನಿಂಬೆ, ನ್ಯೂಸ್‌ಪೇಪರ್

ಹೊಟ್ಟೆ ಖಾಲಿ ಇಟ್ಟರೆ ವಾಂತಿ ನಿಲ್ಲುವುದಿಲ್ಲ, ಬರೀ ಹುಳಿನೀರು ಬಂದು ಸುಸ್ತು ಹೆಚ್ಚಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಹೊರಟರೆ ಸಕ್ಕರೆ ಅಂಶ ಇಳಿದು ಅಪಾಯವಾಗಬಹುದು. ಹಾಗೆಂದು ಎಣ್ಣೆಯ ಪೂರಿ ಹೊಟ್ಟೆ ತುಂಬ ತಿನ್ನುವುದೂ ಬೇಡ. ಎರಡು ಇಡ್ಲಿ ಸಾಕು.

ನಿಂಬೆಯ ವಾಸನೆ ಡೀಸೆಲ್ ವಾಸನೆಯನ್ನು ಮರೆಸಿ ಸ್ವಲ್ಪ ಹಾಯೆನಿಸಬಹುದು. ಮೂಸುವುದರಿಂದ ತೊಂದರೆಯಿಲ್ಲ. ಶುಂಠಿಯಿಂದ ಕೆಲವರಿಗೆ ಅನುಕೂಲವಾಗುತ್ತದೆ, ಎಲ್ಲರಿಗೂ ಅಲ್ಲ. ನ್ಯೂಸ್‌ಪೇಪರ್ ಮೇಲೆ ಕುಳಿತರೆ ಒಳಕಿವಿಗೆ ಏನೂ ಆಗುವುದಿಲ್ಲ.

ನಿಜವಾಗಿ ಕೆಲಸ ಮಾಡುವುದು ಕಣ್ಣು ಮತ್ತು ಕಿವಿಯ ಸುದ್ದಿ ಒಂದಾಗುವಂತೆ ನೋಡಿಕೊಳ್ಳುವುದು. ದೋಣಿಯ ನಡುಭಾಗದಲ್ಲಿ ಕುಳಿತುಕೊಳ್ಳಿ, ಅಲ್ಲಿ ಓಲಾಟ ಕಡಿಮೆ. ಮೊಬೈಲ್ ಜೇಬಿನಲ್ಲಿರಲಿ. ಕಡಲು ಮತ್ತು ಆಕಾಶ ಸೇರುವ ಗೆರೆಯನ್ನೇ ನೋಡಿ. ಆಗದಿದ್ದರೆ ಕಣ್ಣು ಮುಚ್ಚಿ, ತಲೆ ಅಲುಗಿಸದೆ ಕುಳಿತಿರಿ. ದೋಣಿ ನಿಂತು ನಿಧಾನವಾಗಿ ಓಲಾಡುವಾಗ ಸಂಕಟ ಹೆಚ್ಚು. ಸುಮಾರು 5 ಸೆಕೆಂಡಿಗೊಮ್ಮೆ ಏರಿಳಿಯುವ ಓಲಾಟವೇ ಮನುಷ್ಯರಿಗೆ ಅತಿ ಕಷ್ಟದ್ದು.

ಮಾತ್ರೆ ಎಲ್ಲರಿಗೂ ಒಂದೇ ಅಲ್ಲ

ಪ್ರಯಾಣದ ವಾಂತಿಗೆ ಕೊಡುವ ಪ್ರೋಮೆಥಜಿನ್‌ನಂಥ ಮಾತ್ರೆಗಳನ್ನು ಹೊರಡುವ ಸುಮಾರು ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಇದು ನಿದ್ದೆ ತರಿಸುವುದರಿಂದ ಡ್ರೈವರ್ ತೆಗೆದುಕೊಳ್ಳಲೇಬಾರದು, ಇದರ ಜೊತೆ ಮದ್ಯವೂ ಕೂಡದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೋಮೆಥಜಿನ್ ಕೊಡಬಾರದು, ಉಸಿರಾಟಕ್ಕೇ ತೊಂದರೆಯಾಗಬಹುದು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಕ್ಕಳಿಗೆ ಕೊಡುವ ಅಭ್ಯಾಸ ಬಿಡಿ, ಡಾಕ್ಟರನ್ನು ಕೇಳಿ. ಗರ್ಭಿಣಿಯರು, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರೂ ಕೇಳಿಯೇ ತೆಗೆದುಕೊಳ್ಳಬೇಕು.

ಮನೆಯಲ್ಲಿ ಉಳಿದಿರುವ ಒಂಡಾನ್‌ಸೆಟ್ರಾನ್ ಹೊಟ್ಟೆ ಕೆಟ್ಟಾಗಿನ ವಾಂತಿಗೆ ಒಳ್ಳೆಯದು. ಪ್ರಯಾಣದ ವಾಂತಿಗೆ ಅದು ಅಷ್ಟಾಗಿ ನಾಟುವುದಿಲ್ಲ.

ಸಂಕಟವಾದಾಗ ಜಾಕೆಟ್ ಬಿಚ್ಚಬೇಡಿ

ವಾಂತಿಯಿಂದ ಜೀವಕ್ಕೆ ಅಪಾಯ ತೀರಾ ಅಪರೂಪ. ಆ ಹೊತ್ತಿನಲ್ಲಿ ನಾವು ಮಾಡುವ ಕೆಲಸದಿಂದ ಅಪಾಯವಿದೆ. ಎದೆ ಬಿಗಿದಂತಾಗುತ್ತದೆಂದು ಲೈಫ್ ಜಾಕೆಟ್ ಬಿಚ್ಚುವುದು, ಅಂಚಿಗೆ ಹೋಗಿ ಹೊರಗೆ ಬಾಗುವುದು, ‘ಏನಾಯ್ತು’ ಎಂದು ನಾಲ್ಕು ಜನ ಅದೇ ಬದಿಗೆ ಧಾವಿಸುವುದು. ಭಾರವೆಲ್ಲ ಒಂದೇ ಕಡೆ ಸೇರಿದರೆ ಸಣ್ಣ ದೋಣಿ ವಾಲುತ್ತದೆ, ಅದೇ ಹೊತ್ತಿಗೆ ಅಲೆ ಬಂದರೆ ಮಗುಚುತ್ತದೆ. ವಾಂತಿ ಮಾಡಿ ಸೋತವರಿಗೆ ಈಜು ಬಂದರೂ ಕೈಕಾಲು ಆಡುವುದಿಲ್ಲ.

2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದೂ ಒಂದು ದಿನದ ಪ್ರಯಾಣವೇ, ದಡ ದೂರವಿರಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಚೀಲ ಕೈಯಲ್ಲಿರಲಿ. ಕುಳಿತಲ್ಲೇ ವಾಂತಿ ಮಾಡಿ, ನಾಚಿಕೆ ಬೇಡ. ಚೀಲವನ್ನು ಕಡಲಿಗೆ ಎಸೆಯದೆ ದಡಕ್ಕೆ ತನ್ನಿ.

ದ್ವೀಪದಲ್ಲಿ ನೋಡಲು ಬಹಳವಿದೆ. 8 ಕೋಟಿ ವರ್ಷಕ್ಕೂ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ನಿಂತ ಕಲ್ಲುಕಂಬಗಳು ಅಲ್ಲಿವೆ. ಆ ಬಂಡೆಗಳು ಜಾರುತ್ತವೆ, ಸೆಲ್ಫಿಗೆಂದು ಅಂಚಿಗೆ ಹೋಗಬೇಡಿ.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಸಾಕು: ಹಗುರ ತಿಂಡಿ, ನಡುವಿನ ಸೀಟು, ಕಣ್ಣು ದೂರದ ಗೆರೆಯ ಮೇಲೆ, ಮೊಬೈಲ್ ಜೇಬಿನಲ್ಲಿ, ಮಾತ್ರೆ ಡಾಕ್ಟರನ್ನು ಕೇಳಿ, ಜಾಕೆಟ್ ದಡ ಮುಟ್ಟುವ ತನಕ ಮೈಮೇಲೆ.