ಹಿಂದೆ ಸರಿಯದ ಪಿಸ್ಟನ್

ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವಷ್ಟರಲ್ಲಿ ನನ್ನ ಕಾರಿನ ಎಡ ಮುಂಚಕ್ರದಿಂದ ಸುಟ್ಟ ವಾಸನೆ ಹೊಮ್ಮುತ್ತಿತ್ತು. ಬ್ರೇಕ್ ಪ್ಯಾಡುಗಳನ್ನು ಬೆಂಗಳೂರಿನಲ್ಲಿ ಬದಲಾಯಿಸಿ ಎರಡು ತಿಂಗಳೂ ಆಗಿರಲಿಲ್ಲ. ಚಕ್ರ ಬಿಚ್ಚಿದ ಅಲ್ಲಿನ ಮೆಕ್ಯಾನಿಕ್, ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡನ್ನು ಕೈಗಿತ್ತು, "ಇದರದ್ದೇನೂ ತಪ್ಪಿಲ್ಲ ಸಾರ್, ಪಿಸ್ಟನ್ ಜಾಮ್ ಆಗಿದೆ" ಎಂದರು.

ಬ್ರೇಕ್ ತುಳಿದಾಗ ದ್ರವದ ಒತ್ತಡ ಕ್ಯಾಲಿಪರ್‌ನೊಳಗಿನ ಪಿಸ್ಟನ್ನನ್ನು ಮುಂದೆ ನೂಕಿ, ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕಾಲು ತೆಗೆದಾಗ ಅದನ್ನು ಹಿಂದಕ್ಕೆಳೆಯುವುದು ಸ್ಪ್ರಿಂಗ್ ಅಲ್ಲ, ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲು. ಒತ್ತಡಕ್ಕೆ ತುಸು ಬಾಗಿದ ಅದು ಮೊದಲ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದೆ ತರುತ್ತದೆ, ಅಷ್ಟೇ. ಹೊರಗಿನ ರಬ್ಬರ್ ಹೊದಿಕೆ ಹರಿದು ಕೆಸರುನೀರು ಒಳನುಗ್ಗಿ ತುಕ್ಕು ಹಿಡಿದರೆ ಆ ಅಲ್ಪ ಬಲ ಸಾಲದು. ಪ್ಯಾಡು ಡಿಸ್ಕಿಗೆ ಸದಾ ಉಜ್ಜುತ್ತಲೇ ಇರುತ್ತದೆ. ಹೊಸ ಪ್ಯಾಡು ದಪ್ಪವಾದ್ದರಿಂದ ಪಿಸ್ಟನ್ನನ್ನು ಹಿಂದೆ ತಳ್ಳಿಯೇ ಕೂರಿಸಬೇಕು. ನನ್ನ ಕಾರಿನಲ್ಲಿ ತುಕ್ಕು ಹಿಡಿದ ಭಾಗವನ್ನೇ ಬಲವಂತವಾಗಿ ಸೀಲಿನೊಳಗೆ ತುರುಕಲಾಗಿತ್ತು.

ಈ ಕಾವಿಗೆ ಹಳೆಯ ಬ್ರೇಕ್ ಆಯಿಲ್ ಜೊತೆಗೂಡಿದರೆ ಅಪಾಯ ಇಮ್ಮಡಿ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ, ಶೇ 3.7ರಷ್ಟು ನೀರು ಸೇರಿದಾಗಿನ ಮಿತಿ 140 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ, ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲದು. ಘಾಟಿಯ ತಿರುವಿನಲ್ಲಿ ಹಾಗಾಗಿದ್ದರೆ?

ಉಜಿರೆಯ ಆ ಮೆಕ್ಯಾನಿಕ್ ಅವಸರಪಡಲಿಲ್ಲ. ಕ್ಯಾಲಿಪರನ್ನು ಕೊಳವೆಯ ಸಮೇತ ಹೊರತೆಗೆದು, ಪಿಸ್ಟನ್ನಿನೆದುರು ಮರದ ತುಂಡಿಟ್ಟು, ಪೆಡಲನ್ನು ಮೆಲ್ಲಗೆ ಒತ್ತಿಸಿ ಆ ಒತ್ತಡದಿಂದಲೇ ಅದನ್ನು ಹೊರಬರಿಸಿದರು. ಗಾಳಿ ಹೊಡೆದರೆ ಬೇಗ ಆಗುವುದಿಲ್ಲವೇ ಎಂದೆ. "ಆಗುತ್ತದೆ, ಬೆರಳೂ ಹೋಗುತ್ತದೆ" ಎಂದು ನಕ್ಕರು. ಪೆಟ್ರೋಲಿನಲ್ಲಿ ತೊಳೆಯಹೊರಟ ಹುಡುಗನನ್ನು ಗದರಿದರು. ಪೆಟ್ರೋಲ್ ತಾಗಿದರೆ ಸೀಲು ಉಬ್ಬುತ್ತದೆಯಂತೆ. ಪಿಸ್ಟನ್ನಿನ ಮೈಮೇಲೆ ಉಗುರಿಗೆ ಸಿಗುವಂಥ ಗುಳಿಗಳಿದ್ದವು. ಉಜ್ಜಿ ಮತ್ತೆ ಕೂರಿಸಲು ಅವರು ಒಪ್ಪಲಿಲ್ಲ. ಹೊಸ ಪಿಸ್ಟನ್, ಸೀಲು ಮಂಗಳೂರಿನಿಂದ ಬರುವವರೆಗೆ ಒಂದು ರಾತ್ರಿ ಉಳಿಯಬೇಕಾಯಿತು.

ಬೆಂಗಳೂರಿಗೆ ಮರಳಿ ಗ್ಯಾರೇಜಿನವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಹಳೆಯ ಜಾಬ್ ಕಾರ್ಡ್ ತೆಗೆದು ಮುಂದಿಟ್ಟರು. ಕ್ಯಾಲಿಪರ್ ಸರ್ವಿಸ್, ಬ್ರೇಕ್ ಆಯಿಲ್ ಬದಲಾವಣೆ ಎಂಬ ಎರಡು ಸಾಲುಗಳನ್ನು ಹೊಡೆದುಹಾಕಲಾಗಿತ್ತು. ಪಕ್ಕದಲ್ಲಿದ್ದುದು ನನ್ನದೇ ಸಹಿ.